ನಿಲ್ಲಲಾಗದ ತಮ್ಮನ ತೂಕ ನೋಡುವುದು ಹೇಗೆ?

ಸಾಗರದಕ್ಕ:

ಎಲ್ಲರಿಗೂ ನಮಸ್ಕಾರ. ಕೇಳಿದರೆ ಇಷ್ಟೇನಾ ಅನ್ನಿಸಬಹುದು, ಆದರೆ ನಮ್ಮ ಮನೆಯಲ್ಲಿ ನಾಲ್ಕು ತಿಂಗಳಿಂದ ಇದೇ ತಲೆಬಿಸಿ.

ನನ್ನ ತಮ್ಮನಿಗೆ 19 ವರ್ಷ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಕೈಕಾಲು ನಾಲ್ಕೂ ಬಿಗಿ. ನಿಲ್ಲಲು ಆಗುವುದಿಲ್ಲ, ಹಿಡಿದುಕೊಳ್ಳದೆ ಕೂರಲೂ ಆಗುವುದಿಲ್ಲ. ಮಾತಿಲ್ಲ, ಆದರೆ ಎಲ್ಲ ಅರ್ಥವಾಗುತ್ತದೆ, ಕಣ್ಣು ಮೇಲೆತ್ತಿದರೆ ಹೌದು ಅಂತ. ಫಿಟ್ಸ್ ಇದೆ, ಮಾತ್ರೆ ನಡೆಯುತ್ತಿದೆ.

ಅವನಿಗೆ 12 ವರ್ಷ ಆಗುವವರೆಗೆ ಅಮ್ಮ ಅವನನ್ನು ಎತ್ತಿಕೊಂಡು ತೂಕದ ಮೆಷೀನಿನ ಮೇಲೆ ನಿಲ್ಲುತ್ತಿದ್ದರು, ಆಮೇಲೆ ಅಮ್ಮನ ತೂಕ ಕಳೆಯುತ್ತಿದ್ದೆವು. ಈಗ ಅಮ್ಮನಿಗೆ 56, ಸೊಂಟ ನೋವು. ಅವನ ಕಾಲು ಉದ್ದವಾಗಿದೆ, ಬಿಗಿ ಬಂದಾಗ ಮೈಯೆಲ್ಲ ಬಿಲ್ಲಿನ ಹಾಗೆ ಬಾಗುತ್ತದೆ. ಎತ್ತಿಕೊಂಡು ಆ ಚಿಕ್ಕ ಮೆಷೀನಿನ ಮೇಲೆ ನಿಂತರೆ ಇಬ್ಬರೂ ಬೀಳುವುದು ಗ್ಯಾರಂಟಿ.

ಜೂನ್‌ನಲ್ಲಿ ಫಿಟ್ಸ್ ಜಾಸ್ತಿಯಾಯಿತು, ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಓಪಿಡಿಯಲ್ಲಿ ಇದ್ದದ್ದು ನಿಂತು ನೋಡುವ ಮೆಷೀನ್ ಮಾತ್ರ. ಸಿಸ್ಟರ್ ಕೇಳಿದರು, "ತೂಕ ಎಷ್ಟಮ್ಮ?" ಅಮ್ಮ, "ಒಂದು ಮೂವತ್ತು ಇರಬಹುದು" ಅಂದರು. ಸಿಸ್ಟರ್ ಚೀಟಿಯಲ್ಲಿ 30 ಅಂತ ಬರೆದರು. ಡಾಕ್ಟರು ಆ 30 ನೋಡಿ ಮಾತ್ರೆಯ ಲೆಕ್ಕ ಹಾಕಿದರು. ಮನೆಗೆ ಬಂದು ಹಳೆಯ ಫೈಲ್ ತೆಗೆದು ನೋಡಿದೆ. ಹೋದ ವರ್ಷ 30, ಅದಕ್ಕೂ ಹಿಂದಿನ ವರ್ಷ 30, ಅವನಿಗೆ 15 ಇದ್ದಾಗಲೂ 30! ಯಾರೂ ತೂಕ ನೋಡೇ ಇಲ್ಲ. ಪ್ರತಿ ಸಲವೂ ಅಮ್ಮ ಹೇಳಿದ್ದನ್ನೇ ಬರೆದುಕೊಂಡಿದ್ದಾರೆ.

ಈಗ ಅವನ ವೀಲ್‌ಚೇರಿನ ಬೆಲ್ಟು ಎರಡು ತೂತು ಒಳಗೆ ಹೋಗಿದೆ. ಸ್ನಾನ ಮಾಡಿಸುವಾಗ ಬೆನ್ನೆಲುಬು ಕೈಗೆ ಸಿಗುತ್ತದೆ. ಅಮ್ಮ, "ಅವನು ಮೊದಲಿಂದಲೂ ಹಾಗೇ" ಅನ್ನುತ್ತಾರೆ. ಅಪ್ಪ ಏನೂ ಹೇಳುವುದಿಲ್ಲ.

ಹಳ್ಳಿಯಲ್ಲಿ ಇರುವವರು ತೂಕ ಹೇಗೆ ನೋಡುತ್ತೀರಿ? ಇದಕ್ಕೆ ಬೇರೆ ಮೆಷೀನ್ ಬರುತ್ತದಾ?

(ನಿಖರವಾಗಿ ತೂಗಿದ್ದು ಅಂತ ಮನೆಯವರಿಗೆಲ್ಲ ನೆನಪಿರುವುದು ಅವನ ಆರನೇ ವರ್ಷದ ತುಲಾಭಾರ. ಬೆಲ್ಲದಲ್ಲಿ 13 ಕೆಜಿ. ಇದನ್ನು ಡಾಕ್ಟರಿಗೆ ಹೇಳಿದರೆ ನಕ್ಕರು.)

---

ಪುತ್ತೂರು ಗಾಲಿ:

ಅಕ್ಕ, ತುಲಾಭಾರದ ತಕ್ಕಡಿಗೆ ನಗಬೇಕಾಗಿಲ್ಲ. ಕೂತು ತೂಗಿಸಿಕೊಳ್ಳುವ ವ್ಯವಸ್ಥೆ ದೇವಸ್ಥಾನದಲ್ಲಿ ಇದೆ, ಆಸ್ಪತ್ರೆಯಲ್ಲಿ ಇಲ್ಲ, ನಗಬೇಕಾದದ್ದು ಅದಕ್ಕೆ.

ನಾನು ಅಡಿಕೆ ಮರದಿಂದ ಬಿದ್ದವನು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲ. 13 ವರ್ಷ ಆಯಿತು. ಮೊದಲ ಐದು ವರ್ಷ ನಾನೂ ಅಂದಾಜಿನ ಗಿರಾಕಿಯೇ. "68 ಸರ್" ಅಂತ ಹೇಳುತ್ತಿದ್ದೆ. ಒಂದು ದಿನ ನಮ್ಮ ಸೊಸೈಟಿಯಲ್ಲಿ ಅಡಿಕೆ ಮೂಟೆ ತೂಗುವ ಪ್ಲಾಟ್‌ಫಾರ್ಮ್ ಮೆಷೀನ್ ಖಾಲಿ ಇತ್ತು. ಹುಡುಗರು ವೀಲ್‌ಚೇರ್ ಸಮೇತ ಎತ್ತಿ ಅದರ ಮೇಲೆ ಇಟ್ಟರು. 101 ಬಂತು. ಆಮೇಲೆ ನನ್ನನ್ನು ಬೆಂಚಿಗೆ ಇಳಿಸಿ ಚೇರ್ ಮಾತ್ರ ಇಟ್ಟರೆ 17. ಅಂದರೆ ನಾನು 84! ನನ್ನ ಹಳೇ ಚೇರಿನ ಪಕ್ಕದ ತಗಡು ತೊಡೆಗೆ ಒತ್ತಿ ಒತ್ತಿ ಹುಣ್ಣಾಗಿತ್ತು. ಚೇರ್ ಸರಿಯಿಲ್ಲ ಅಂತ ಬೈಯುತ್ತಿದ್ದೆ. ಚೇರ್ ಸರಿಯಾಗೇ ಇತ್ತು, ನಾನು ಅಗಲವಾಗಿದ್ದೆ.

ನೀವು ಸಾಗರ ಕಡೆಯವರು ಅಂದಮೇಲೆ ಸುತ್ತ ಮುತ್ತ ಎಲ್ಲಾದರೂ ಅಡಿಕೆ ತೂಗುವ ಎಲೆಕ್ಟ್ರಾನಿಕ್ ಮೆಷೀನ್ ಇದ್ದೇ ಇರುತ್ತದೆ. ಮನೆಯಲ್ಲೇ ಇದ್ದರೂ ಆಶ್ಚರ್ಯವಿಲ್ಲ. ವ್ಯಾಪಾರಕ್ಕೆ ಬಳಸುವ ಮೆಷೀನಿಗೆ ಮಾಪನ ಇಲಾಖೆಯವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ಸೀಲ್ ಹಾಕುತ್ತಾರೆ. ಕ್ಲಿನಿಕ್ಕಿನ ಮೂಲೆಯಲ್ಲಿ ತುಕ್ಕು ಹಿಡಿದ ಮುಳ್ಳಿನ ಮೆಷೀನಿಗಿಂತ ನನಗೆ ಅದರ ಮೇಲೇ ನಂಬಿಕೆ ಜಾಸ್ತಿ.

ಒಂದು ಎಚ್ಚರಿಕೆ. ಚೇರಿಗೆ ನೇತು ಹಾಕಿದ ಬ್ಯಾಗು, ಕುಶನ್, ನೀರಿನ ಬಾಟಲಿ ಇವೆಲ್ಲ ಎರಡೂ ಸಲ ಇರಬೇಕು, ಇಲ್ಲಾಂದರೆ ಎರಡೂ ಸಲ ಇರಬಾರದು. ಒಮ್ಮೆ ನಾನು ಕುಶನ್ ಮತ್ತು ಬ್ಯಾಗು ಸಮೇತ ತೂಗಿಸಿಕೊಂಡು, ಬರೀ ಚೇರಿನ ತೂಕ ಕಳೆದು, ಮೂರು ಕೆಜಿ ಜಾಸ್ತಿಯಾದೆ ಅಂತ ಒಂದು ವಾರ ರಾತ್ರಿ ಊಟ ಬಿಟ್ಟಿದ್ದೆ. ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಯೂರಿನ್ ಬ್ಯಾಗ್ ಇರುವವರು ಅದನ್ನೂ ಖಾಲಿ ಮಾಡಿಯೇ ತೂಗಬೇಕು, ಒಂದು ಲೀಟರ್ ಅಂದರೆ ಹತ್ತಿರ ಹತ್ತಿರ ಒಂದು ಕೆಜಿ.

---

ಹೊಸಪೇಟೆ ಮಂಜ:

ಲಾರಿ ತೂಗುವ ವೇಬ್ರಿಡ್ಜ್‌ಗೆ ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಒಮ್ಮೆ ಅವನ ಜೊತೆ, ಒಮ್ಮೆ ಅವನಿಲ್ಲದೆ ತೂಗಿಸಿ. ಮುಗಿಯಿತು 😀

ತಮಾಷೆ ಬಿಡಿ. ನಮ್ಮ ಚಿಕ್ಕಪ್ಪನ ಮಗನೂ ಹೀಗೇ ಇದ್ದ. ಯಾವತ್ತೂ ತೂಕ ನೋಡಲಿಲ್ಲ, ಕಣ್ಣಲ್ಲೇ ಗೊತ್ತಾಗುತ್ತದೆ. ಇಂಥ ಮಕ್ಕಳು ತೆಳ್ಳಗೇ ಇರುವುದು. ಸುಮ್ನೆ ಆ ಹುಡುಗನಿಗೆ ಹಿಂಸೆ ಯಾಕೆ?

---

ಫಿಸಿಯೋ ಹುಬ್ಬಳ್ಳಿ:

ಮಂಜ ಅವರೇ, ವೇಬ್ರಿಡ್ಜ್ ತೋರಿಸುವುದೇ ಐದು ಕೆಜಿ, ಹತ್ತು ಕೆಜಿ ಲೆಕ್ಕದಲ್ಲಿ. ಈ ಹುಡುಗನ ಮೈಯಿಂದ ಮೂರು ಕೆಜಿ ಹೋದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಅವನಿಗೆ ಮೂರು ಕೆಜಿ ಅಂದರೆ ಮೈಯ ಹತ್ತನೇ ಒಂದು ಭಾಗ.

"ಇಂಥ ಮಕ್ಕಳು ತೆಳ್ಳಗೇ ಇರುವುದು" ಅನ್ನುವ ಮಾತಿಗೆ ಮಾತ್ರ ನಾನು ಜಗಳಕ್ಕೆ ಬರುತ್ತೇನೆ. 22 ವರ್ಷದಿಂದ ಈ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ. ಈ ಒಂದು ಮಾತಿನ ಹಿಂದೆ ಎಷ್ಟೋ ಹಸಿವು ಅಡಗಿರುತ್ತದೆ. ಸಿಪಿಯಲ್ಲಿ, ಅಂದರೆ ಸೆರೆಬ್ರಲ್ ಪಾಲ್ಸಿಯಲ್ಲಿ, ಸ್ನಾಯು ಕಡಿಮೆ ಬೆಳೆಯುತ್ತದೆ ನಿಜ, ಮೂಳೆ ಸಣ್ಣ ನಿಜ. ಆದರೆ ಇದ್ದ ತೂಕ *ಇಳಿಯುವುದು* ಸಿಪಿಯ ಲಕ್ಷಣವಲ್ಲ. ಇಳಿದರೆ ಏನೋ ಕಾರಣ ಇದೆ. ನುಂಗಲು ಕಷ್ಟ, ಹಲ್ಲು ನೋವು, ಮಲಬದ್ಧತೆ, ಎದೆಯುರಿ, ಪದೇ ಪದೇ ಕಫ, ಕೆಲವು ಫಿಟ್ಸ್ ಮಾತ್ರೆಗಳೂ ಹಸಿವು ಕೊಲ್ಲುತ್ತವೆ. ಬಾಯಿಬಿಟ್ಟು ಹೇಳಲಾಗದವನ ಪರವಾಗಿ ಮೊದಲು ದೂರು ಕೊಡುವುದು ತೂಕದ ಮೆಷೀನು. ಕಣ್ಣಿಗೆ ಗೊತ್ತಾಗುವುದಿಲ್ಲ, ಯಾಕಂದರೆ ಅದೇ ಕಣ್ಣು ದಿನಾ ನೋಡುತ್ತಿರುತ್ತದೆ.

ಸಾಗರದಕ್ಕ, ಈಗ ನಿಮ್ಮ ಪ್ರಶ್ನೆಗೆ. ಮೂಟೆ ಮೆಷೀನ್ ಒಳ್ಳೆಯದು. ಆದರೆ ಎತ್ತುವಾಗ ಜೋಪಾನ. ನಡೆಯದ ಮಕ್ಕಳ ಮೂಳೆಯಲ್ಲಿ ಗಟ್ಟಿತನ ಇರುವುದಿಲ್ಲ. ಅದರ ಮೇಲೆ ವರ್ಷಗಟ್ಟಲೆ ಫಿಟ್ಸ್ ಮಾತ್ರೆ ಬೇರೆ. ಒಂದು ಕೈ ಒಂದು ಕಾಲು ಹಿಡಿದು ಎಳೆದರೆ ತೊಡೆಮೂಳೆ ಮುರಿದ ಕೇಸು ನಾನೇ ನೋಡಿದ್ದೇನೆ. ಇಬ್ಬರು ಎತ್ತಬೇಕು. ಒಬ್ಬರು ಹಿಂದಿನಿಂದ ಕಂಕುಳ ಕೆಳಗೆ ಕೈ ಹಾಕಿ ಎದೆಗೆ ಒರಗಿಸಿಕೊಳ್ಳಬೇಕು, ಇನ್ನೊಬ್ಬರು ತೊಡೆ ಮತ್ತು ಮಂಡಿಯ ಅಡಿ ಕೈ ಕೊಡಬೇಕು. ಎಣಿಸಿ ಒಟ್ಟಿಗೆ ಎತ್ತಿ. ಬಿಗಿ ಬಂದಿದ್ದರೆ ಕಾಯಿರಿ, ಮಂಡಿ ಮಡಚಿ ಸಡಿಲ ಆದಮೇಲೆ ಎತ್ತಿ.

ಗೋಣಿ ತೂಗುವ ಕೊಕ್ಕೆಗೆ ಬೆಡ್‌ಶೀಟ್ ಕಟ್ಟಿ ನೇತು ಹಾಕುವ ಐಡಿಯಾ ಯಾರಾದರೂ ಕೊಟ್ಟರೆ ದಯವಿಟ್ಟು ಬೇಡ. ಅಂಗನವಾಡಿಯ ನೇತಾಡುವ ತಕ್ಕಡಿ ಕೂಡ 25 ಕೆಜಿಯವರೆಗೆ ಮಾತ್ರ, ಅದು ಪುಟ್ಟ ಮಕ್ಕಳಿಗೆ.

ಮತ್ತೆ, ಮಾಡುವ ಮೊದಲು ತಮ್ಮನನ್ನು ಕೇಳಿ. 19 ವರ್ಷದ ಹುಡುಗ. ಅಡಿಕೆ ಮಂಡಿಯಲ್ಲಿ ನಾಲ್ಕು ಜನರ ಮುಂದೆ ಮೂಟೆಯ ಜಾಗದಲ್ಲಿ ಕೂರಿಸಿದರೆ ನಿಮಗೆ ಹೇಗೆ ಅನ್ನಿಸುತ್ತದೋ ಅವನಿಗೂ ಹಾಗೇ. ಆಗುವುದಾದರೆ ಮೆಷೀನನ್ನೇ ಮನೆಗೆ ತನ್ನಿ.

---

ಸಾಗರದಕ್ಕ:

ಥ್ಯಾಂಕ್ಸ್ ಮೇಡಂ (ಸರ್? ಗೊತ್ತಾಗಲಿಲ್ಲ, ಕ್ಷಮಿಸಿ). ತಮ್ಮನನ್ನು ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಈಗ ಕೇಳಿದೆ. "ಮಂಡಿಗೆ ಹೋಗೋಣವಾ?" ಅಂದೆ. ಕಣ್ಣು ಕೆಳಗೆ. "ಮೆಷೀನ್ ಮನೆಗೆ ತಂದರೆ?" ಕಣ್ಣು ಮೇಲೆ, ಜೊತೆಗೆ ನಗು.

ದೊಡ್ಡಪ್ಪನ ಮನೆಯಲ್ಲಿ 200 ಕೆಜಿಯ ಮೆಷೀನ್ ಇದೆ. ಪ್ಲೇಟು ಚಿಕ್ಕದು, ಒಂದೂವರೆ ಅಡಿ ಚೌಕ ಇರಬಹುದು. ವೀಲ್‌ಚೇರ್ ಅದರ ಮೇಲೆ ಕೂರುವುದಿಲ್ಲ, ಗಾಲಿ ಹೊರಗೆ ಹೋಗುತ್ತದೆ. ಮೇಲೆ ಪ್ಲೈವುಡ್ ಹಾಕಬಹುದಾ?

ಅಮ್ಮ ಬೇರೆ, "ಮಕ್ಕಳನ್ನು ಸುಮ್ಮನೆ ತೂಗಬಾರದು, ದೃಷ್ಟಿ ಆಗುತ್ತದೆ" ಅಂತ ಶುರು ಮಾಡಿದ್ದಾರೆ.

---

ಮೈಸೂರಿನ ಅಪ್ಪ:

ನಮ್ಮದು ಉಲ್ಟಾ ಕಥೆ. ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುವ ಕಾಯಿಲೆ), 14 ವರ್ಷ. ಹತ್ತನೇ ವರ್ಷಕ್ಕೆ ನಡಿಗೆ ನಿಂತಿತು. ಸ್ಟೀರಾಯ್ಡ್ ಕೊಡುತ್ತೇವೆ, ಅದರಿಂದ ಹಸಿವು ಅಂದರೆ ಹಸಿವು. ಓಡಾಟ ಇಲ್ಲ, ತೂಕ ಏರುತ್ತದೆ. ತೂಕ ಏರಿದಷ್ಟೂ ಅವನ ಕೈಗೆ, ಉಸಿರಿಗೆ, ನಮ್ಮ ಬೆನ್ನಿಗೆ ಭಾರ. ಸ್ಟೀರಾಯ್ಡ್ ಡೋಸೂ ಕೆಜಿ ಲೆಕ್ಕದಲ್ಲೇ ಶುರುವಾಗುವುದು. ಹಾಗಾಗಿ ನಮ್ಮ ಡಾಕ್ಟರು ಪ್ರತಿ ಸಲ ನಂಬರ್ ಕೇಳುತ್ತಾರೆ.

ನಾನು ಮೊದಲು ಮಾಡಿದ ಪೆದ್ದು ಕೆಲಸ ಹೇಳುತ್ತೇನೆ. ಒಂದೇ ತರಹದ ಎರಡು ಬಾತ್‌ರೂಮ್ ಮೆಷೀನ್ ತಂದು, ಮೇಲೆ ಹಲಗೆ ಹಾಕಿ, ಹಲಗೆಯ ಮೇಲೆ ಅವನನ್ನು ಮಲಗಿಸಿದೆ. ಒಂದರಲ್ಲಿ 31, ಇನ್ನೊಂದರಲ್ಲಿ 29. ಎರಡರ ಸರಾಸರಿ ತೆಗೆದು ಅವನು 30 ಕೆಜಿ ಅಂದೆ. ನಾನು ಇಂಜಿನಿಯರ್ ಸ್ವಾಮಿ! ಹೆಂಡತಿ ಬಂದು, "ಎರಡೂ ಕೂಡಿಸಬೇಕಲ್ವಾ?" ಅಂದಳು. ಕೂಡಿಸಿ, ಹಲಗೆಯ ತೂಕ ಕಳೆಯಬೇಕು.

ಆ ಪ್ರಯೋಗದ ಇನ್ನೊಂದು ತೊಂದರೆ, ಡಿಜಿಟಲ್ ಬಾತ್‌ರೂಮ್ ಮೆಷೀನ್ ಸ್ವಲ್ಪ ಹೊತ್ತಿಗೆ ತಾನಾಗಿ ಆಫ್ ಆಗುತ್ತದೆ. ಮತ್ತೆ ಆನ್ ಆದಾಗ ಮೇಲೆ ಏನಿದೆಯೋ ಅದನ್ನೇ ಸೊನ್ನೆ ಅಂದುಕೊಳ್ಳುತ್ತದೆ. ಮಂಚದ ನಾಲ್ಕು ಕಾಲಿಗೆ ನಾಲ್ಕು ಮೆಷೀನ್ ಇಡುವ ವಿಡಿಯೋ ನೋಡಿ ಯಾರಾದರೂ ದುಡ್ಡು ಹಾಕುವ ಮೊದಲು ಇದನ್ನು ನೆನಪಿಡಿ. ಹಾಸು, ಕಂಬಳಿ ಮೇಲೆ ಇಟ್ಟರೂ ಲೆಕ್ಕ ತಪ್ಪುತ್ತದೆ, ಗಟ್ಟಿ ನೆಲ ಬೇಕು.

ಅಕ್ಕ, ಪ್ಲೈವುಡ್ ಹಾಕಬಹುದು. 18 ಎಂಎಂ ದಪ್ಪದ್ದು, ಮೂರಡಿ ಚೌಕ, ಅದೇ ಹತ್ತು ಕೆಜಿ ಹತ್ತಿರ ತೂಗುತ್ತದೆ. ಇಟ್ಟು ಮೆಷೀನಿನಲ್ಲಿ 'ಟೇರ್' ಒತ್ತಿದರೆ ಸೊನ್ನೆಗೆ ಬರುತ್ತದೆ. ಆದರೆ ಒಂದೂವರೆ ಅಡಿ ಪ್ಲೇಟಿನ ಮೇಲೆ ಮೂರಡಿ ಹಲಗೆ ಅಂದರೆ ಒಂದು ಕಡೆ ಭಾರ ಜಾಸ್ತಿಯಾದರೆ ಮಗುಚುತ್ತದೆ. ನಾನಾಗಿದ್ದರೆ ನಿಮ್ಮ ತಮ್ಮನಿಗೆ ಅದನ್ನು ಮಾಡುವುದಿಲ್ಲ.

ಇನ್ನೂ ಸುಲಭದ್ದು ಇದೆ. ಪ್ಲೇಟಿನ ಮೇಲೆ ನಾಲ್ಕು ಕಾಲೂ ಕೂರುವಂಥ ಗಟ್ಟಿ ಮರದ ಸ್ಟೂಲೋ ಚಿಕ್ಕ ಕುರ್ಚಿಯೋ ಇಡಿ. ನಿಮ್ಮ ಅಪ್ಪ ಅದರ ಮೇಲೆ *ಕೂರಲಿ*. ಇಬ್ಬರು ತಮ್ಮನನ್ನು ಎತ್ತಿ ಅಪ್ಪನ ಮಡಿಲಿಗೆ ಕೊಡಿ. ಪಕ್ಕದಲ್ಲಿ ಇಬ್ಬರು ನಿಂತಿರಿ, ಆದರೆ ಮುಟ್ಟಬೇಡಿ. ನಂಬರ್ ನಿಂತಾಗ ಫೋಟೋ ತೆಗೆಯಿರಿ. ಆಮೇಲೆ ತಮ್ಮನನ್ನು ಇಳಿಸಿ, ಅಪ್ಪ ಮತ್ತು ಕುರ್ಚಿ ಮಾತ್ರ ತೂಗಿ ಕಳೆಯಿರಿ. ಎತ್ತಿಕೊಂಡು ನಿಲ್ಲುವುದಕ್ಕೂ ಮಡಿಲಲ್ಲಿ ಇಟ್ಟುಕೊಂಡು ಕೂರುವುದಕ್ಕೂ ಲೆಕ್ಕ ಒಂದೇ, ಬೀಳುವ ಭಯ ಇಲ್ಲ. ಇಬ್ಬರೂ ಸೇರಿ 200 ಕೆಜಿ ದಾಟುವುದಿಲ್ಲ ಅಲ್ವಾ?

---

ಊಟದ ಲೆಕ್ಕ:

ನಾನು ಡಯಟಿಷಿಯನ್. ಮೈಸೂರಿನ ಅಪ್ಪ ಹೇಳಿದ್ದು ಚೆನ್ನಾಗಿದೆ, ನಾನೂ ಇನ್ನು ಮುಂದೆ ಇದನ್ನೇ ಹೇಳುತ್ತೇನೆ.

ತೂಗಿದ ಮೇಲೆ ಏನು ಅನ್ನುವುದಕ್ಕೆ ಬರುತ್ತೇನೆ. ನೀವು ಆ ನಂಬರನ್ನು ಮೊಬೈಲಿನ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅನ್ನುವ ಲೆಕ್ಕ) ಕ್ಯಾಲ್ಕುಲೇಟರಿಗೆ ಹಾಕಿದರೆ ಕೆಂಪು ಬಣ್ಣದಲ್ಲಿ ಏನೇನೋ ತೋರಿಸಿ ಹೆದರಿಸುತ್ತದೆ. ಅದನ್ನು ಮಾಡಬೇಡಿ. ಬಿಎಂಐಗೆ ಎತ್ತರ ಬೇಕು. ಬೆನ್ನು ವಾಲಿ, ಮಂಡಿ ಮಡಚಿಕೊಂಡವನ ಎತ್ತರ ಎಲ್ಲಿಂದ ಅಳೆಯುವುದು? ಚಿಕ್ಕ ಮಕ್ಕಳಿಗಾದರೆ ಮಂಡಿಯ ಎತ್ತರದಿಂದ ಅಂದಾಜು ಮಾಡುವ ಸೂತ್ರ ಇದೆ. ಹಿಮ್ಮಡಿಯಿಂದ ಮಂಡಿಯವರೆಗಿನ ಅಳತೆಯನ್ನು ಸೆಂ.ಮೀ.ನಲ್ಲಿ ಬರೆದು 2.69ರಿಂದ ಗುಣಿಸಿ 24.2 ಕೂಡಿಸುವುದು. 12 ವರ್ಷದೊಳಗಿನ ಸಿಪಿ ಮಕ್ಕಳನ್ನು ಅಳೆದು 1995ರಲ್ಲಿ ಮಾಡಿದ್ದು. 19ರ ನಿಮ್ಮ ತಮ್ಮನಿಗೆ ಅದು ಹೊಂದುವುದಿಲ್ಲ.

ಸಿಪಿ ಮಕ್ಕಳಿಗೇ ಅಂತ ಬೇರೆ ತೂಕದ ಚಾರ್ಟ್ ಇದೆ, 2011ರಲ್ಲಿ ಬಂತು, ಕ್ಯಾಲಿಫೋರ್ನಿಯಾದ ಮಕ್ಕಳ ದಾಖಲೆಯಿಂದ ಮಾಡಿದ್ದು, 2ರಿಂದ 20 ವರ್ಷದವರೆಗೆ. ಎಷ್ಟು ಓಡಾಟ ಇದೆ, ಬಾಯಲ್ಲಿ ಊಟವೋ ಟ್ಯೂಬಿನಲ್ಲೋ ಅನ್ನುವುದರ ಮೇಲೆ ಬೇರೆ ಬೇರೆ ಗೆರೆ. ಡಾಕ್ಟರಿಗೆ ತೋರಿಸಿ ಕೇಳಬಹುದು. ಆದರೆ ಆ ಗೆರೆಗಳು ಆ ಮಕ್ಕಳು *ಹೇಗಿದ್ದರು* ಅಂತ ಹೇಳುತ್ತವೆ, ಹೇಗಿರಬೇಕು ಅಂತ ಅಲ್ಲ. ನಡುಗೆರೆಯಲ್ಲಿದ್ದರೆ ಆರೋಗ್ಯವಾಗಿದ್ದಾನೆ ಅಂತ ಅರ್ಥ ಅಲ್ಲ.

ನನಗೆ ಬೇಕಾದದ್ದು ಅವನ ತೂಕವನ್ನು ಅವನದೇ ಹಳೆಯ ತೂಕದ ಜೊತೆ ಹೋಲಿಸುವುದು. ಕ್ಯಾಲೆಂಡರಿನಲ್ಲಿ ತಿಂಗಳಿಗೊಮ್ಮೆ ಒಂದು ನಂಬರ್. ಅದೇ ಮೆಷೀನು, ಬೆಳಿಗ್ಗೆ ಹೊಟ್ಟೆ ಖಾಲಿ ಇದ್ದಾಗ, ಡಯಾಪರ್ ಬದಲಿಸಿದ ಮೇಲೆ, ಹೆಚ್ಚು ಕಡಿಮೆ ಅದೇ ಬಟ್ಟೆ. ದಿನಾ ನೋಡುವ ಚಟ ಬೇಡ. ಎರಡು ದಿನ ಕಕ್ಕಸು ಆಗದಿದ್ದರೂ ಮೆಷೀನು ಹೇಳುತ್ತದೆ, ಕಾಲಿಗೆ ನೀರು ತುಂಬಿದರೂ ಹೇಳುತ್ತದೆ, ನೀವು ಅದನ್ನು ಕೊಬ್ಬು ಅಂದುಕೊಳ್ಳುತ್ತೀರಿ. ಒಂದು ತಿಂಗಳಲ್ಲಿ ನೂರಕ್ಕೆ ಐದು, ಆರು ತಿಂಗಳಲ್ಲಿ ನೂರಕ್ಕೆ ಹತ್ತು ಭಾಗ ಇಳಿದರೆ ತಡ ಮಾಡದೆ ತೋರಿಸಿ. 25 ಕೆಜಿಯವನಿಗೆ ಐದು ಭಾಗ ಅಂದರೆ ಬರೀ ಒಂದೂಕಾಲು ಕೆಜಿ.

ಜೊತೆಗೆ ಟೈಲರ್ ಟೇಪಿನಲ್ಲಿ ರಟ್ಟೆ ಸುತ್ತಳತೆ. ಭುಜದ ಮೂಳೆ ಮತ್ತು ಮೊಣಕೈ ಮೂಳೆಯ ನಡುಮಧ್ಯೆ ಪೆನ್ನಿನಲ್ಲಿ ಗುರುತು ಹಾಕಿ, ಟೇಪನ್ನು ಬಿಗಿಯದೆ ಸುಮ್ಮನೆ ಸುತ್ತಿ. ಪ್ರತಿ ಸಲವೂ ಅದೇ ಕೈ. ಸಾಮಾನ್ಯ ದೊಡ್ಡವರಲ್ಲಿ 23.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೂಕ ಕಡಿಮೆ ಇರಬಹುದು ಅಂತ ಲೆಕ್ಕ. ನಿಮ್ಮ ತಮ್ಮನಿಗೆ ಆ ಗೆರೆ ಹಚ್ಚಬೇಡಿ, ಆದರೆ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದೆಯಾ ಅಂತ ನೋಡಿ. ಮಳೆಗಾಲದಲ್ಲಿ ಮೆಷೀನ್ ತರಲು ಆಗದ ತಿಂಗಳು ಟೇಪಾದರೂ ಇರುತ್ತದೆ.

ಇನ್ನೊಂದು ಪ್ರಶ್ನೆ. ಒಂದು ಊಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ?

---

ಸಾಗರದಕ್ಕ:

ಒಂದು ಗಂಟೆ ಮೇಡಂ. ಕೆಲವು ಸಲ ಒಂದೂಕಾಲು. ಕೊನೆ ಕೊನೆಗೆ ಕೆಮ್ಮುತ್ತಾನೆ. ನಾವು ಅದನ್ನು ಮಾಮೂಲು ಅಂದುಕೊಂಡಿದ್ದೆವು.

---

ಊಟದ ಲೆಕ್ಕ:

ಮಾಮೂಲು ಅಲ್ಲ. ಪ್ರತಿ ಊಟಕ್ಕೂ ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯುತ್ತಿದೆ ಅಂದರೆ ನುಂಗುವುದನ್ನು ಪರೀಕ್ಷೆ ಮಾಡಿಸಬೇಕು. ಊಟ ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು, ಅಥವಾ ತಿನ್ನುವುದಕ್ಕೇ ಸುಸ್ತಾಗಿ ಅರ್ಧಕ್ಕೆ ನಿಲ್ಲಿಸುತ್ತಿರಬಹುದು. ಸ್ಪೀಚ್ ಥೆರಪಿಸ್ಟ್‌ಗಳು ಮಾತು ಕಲಿಸುವುದಷ್ಟೇ ಅಲ್ಲ, ನುಂಗುವುದನ್ನೂ ನೋಡುತ್ತಾರೆ. ಡಾಕ್ಟರಿಗೆ ಹೇಳುವಾಗ "ಸರಿಯಾಗಿ ತಿನ್ನಲ್ಲ" ಅನ್ನಬೇಡಿ, "ಒಂದು ಗಂಟೆ, ಕೊನೆಯಲ್ಲಿ ಕೆಮ್ಮು" ಅಂತಲೇ ಹೇಳಿ.

ಅಲ್ಲಿಯವರೆಗೆ ತಟ್ಟೆ ದೊಡ್ಡದು ಮಾಡಬೇಡಿ. ಅಷ್ಟೇ ಗಂಜಿಗೆ ತುಪ್ಪ, ಹುರಿಗಡಲೆ ಪುಡಿ ನುಣ್ಣಗೆ ಅರೆದು ಸೇರಿಸಿ, ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ ಸುರಿಯುವುದು ಖಂಡಿತ ಬೇಡ. ಗದ್ದ ಸ್ವಲ್ಪ ಕೆಳಗೆ ಇರಲಿ.

---

ಗದಗಿನ ಅಳಿಯ:

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮಾವನವರಿಗೆ ಶುಗರ್‌ನಿಂದ ಒಂದು ಕಾಲನ್ನು ತೊಡೆಯ ಬುಡದವರೆಗೆ ತೆಗೆದಿದ್ದಾರೆ. ಅವರ ತೂಕ 50. "ಮೊದಲು 62 ಇದ್ದೆ, 12 ಕೆಜಿ ಇಳಿದೆ" ಅಂತ ಕೊರಗುತ್ತಾರೆ. ಹೋದ ಕಾಲಿನ ಲೆಕ್ಕ ಹೇಗೆ?

---

ಊಟದ ಲೆಕ್ಕ:

ಪೂರ್ತಿ ಕಾಲು ಅಂದರೆ ಮೈಯ ತೂಕದ ಸುಮಾರು 16 ಭಾಗ, ನೂರಕ್ಕೆ. ಮಂಡಿ ಕೆಳಗೆ ಮಾತ್ರ ಆದರೆ ಸುಮಾರು 6. ನಿಮ್ಮ ಮಾವನವರ 50ನ್ನು 0.84ರಿಂದ ಭಾಗಿಸಿ, 59.5 ಬರುತ್ತದೆ. ಅಂದರೆ ಕಾಲಿದ್ದಿದ್ದರೆ ಅವರು ಸುಮಾರು 60 ಇರುತ್ತಿದ್ದರು. ಇಳಿದದ್ದು ಎರಡೋ ಎರಡೂವರೆಯೋ ಕೆಜಿ. ಕೊರಗಬೇಡಿ ಅನ್ನಿ. ಕೃತಕ ಕಾಲು ಹಾಕಿಕೊಂಡಿದ್ದರೆ ಅದನ್ನು ಬಿಚ್ಚಿಟ್ಟೇ ತೂಗಿ.

---

ಪುತ್ತೂರು ಗಾಲಿ:

ಈ ಲೆಕ್ಕ ನಮಗೂ ಸ್ವಲ್ಪ ಬೇರೆ. ಬೆನ್ನುಹುರಿ ಪೆಟ್ಟಾದವರ ಕಾಲಿನ ಸ್ನಾಯು ಕರಗಿ ಹೋಗುತ್ತದೆ, ಆ ಜಾಗಕ್ಕೆ ಕೊಬ್ಬು ಬರುತ್ತದೆ. ತೂಕ ಮೊದಲಿನಷ್ಟೇ ಇದ್ದರೂ ಮೈ ಮೊದಲಿನದ್ದಲ್ಲ. ನಮಗೆ ಬಿಎಂಐ 22 ದಾಟಿದರೇ ಬೊಜ್ಜು ಅಂತ ಲೆಕ್ಕ ಹಾಕಬೇಕು ಅಂತ ನನ್ನ ಡಾಕ್ಟರು ಹೇಳಿದರು. ಎಲ್ಲರಿಗೂ ನಮ್ಮ ದೇಶದಲ್ಲಿ 25 ಅನ್ನುತ್ತಾರಲ್ಲ, ಅದಲ್ಲ. ನಾನು ಈಗ 71ಕ್ಕೆ ಇಳಿದಿದ್ದೇನೆ, ಹೇಳಿಕೊಳ್ಳಬೇಕು ಅನ್ನಿಸಿತು 😀

---

ಲೆಸ್ಟರ್ ಕನ್ನಡತಿ:

ಇಲ್ಲಿ ಇಂಗ್ಲೆಂಡಿನಲ್ಲಿ ಕೇರ್ ಹೋಮ್‌ನಲ್ಲಿ ಕೆಲಸ ಮಾಡುತ್ತೇನೆ. ಎದ್ದೇಳಲಾಗದವರನ್ನು ಬಟ್ಟೆಯ ಜೋಲಿಯಲ್ಲಿ ಕೂರಿಸಿ ಎತ್ತುವ ಹಾಯ್ಸ್ಟ್ ಇರುತ್ತದೆ, ಅದರಲ್ಲೇ ತೂಕದ ಯಂತ್ರ ಸೇರಿಸಿರುತ್ತಾರೆ. ಕುರ್ಚಿಯ ಹಾಗಿರುವ ಮೆಷೀನೂ ಇದೆ. ತಿಂಗಳಿಗೊಮ್ಮೆ ತೂಗಿ ಬರೆಯುತ್ತೇವೆ. ಆದರೆ ಇಷ್ಟೆಲ್ಲ ಇದ್ದೂ ಜೋಲಿಯ ತೂಕ ಕಳೆಯುವುದನ್ನು ಮರೆತು ಒಬ್ಬ ಅಜ್ಜಿ ದಪ್ಪವಾದರು ಅಂತ ಖುಷಿಪಟ್ಟ ಘಟನೆ ನಮ್ಮಲ್ಲೂ ಆಗಿದೆ.

ಊರಿನಲ್ಲಿ ನನ್ನ ಅತ್ತೆಗೆ ಡಯಾಲಿಸಿಸ್ ಆಗುತ್ತಿದ್ದಾಗ ಆ ಸೆಂಟರಿನಲ್ಲಿ ವೀಲ್‌ಚೇರ್ ಹತ್ತಿಸುವಂಥ ತಗ್ಗಿನ ಮೆಷೀನ್ ನೋಡಿದ್ದೆ. ಡಯಾಲಿಸಿಸ್‌ಗೆ ಮೊದಲು, ಆಮೇಲೆ ತೂಕ ನೋಡಲೇಬೇಕಲ್ಲ. ಆಸ್ಪತ್ರೆಗೆ ಹೋದಾಗ ಓಪಿಡಿಯಲ್ಲಿ ಇಲ್ಲ ಅಂದರೆ ಡಯಾಲಿಸಿಸ್ ವಾರ್ಡಿನಲ್ಲಿ ಇದೆಯಾ ಅಂತ ಒಂದು ಮಾತು ಕೇಳಿ.

---

ಫಿಸಿಯೋ ಹುಬ್ಬಳ್ಳಿ:

(ಮೇಡಂ. ಕ್ಷಮೆ ಬೇಡ.)

ಲೆಸ್ಟರ್ ಅವರ ಐಡಿಯಾ ಚೆನ್ನಾಗಿದೆ. ಇನ್ನೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್ನಿನಲ್ಲಿ, ಸರ್ಕಾರಿ ಖಾಸಗಿ ಎರಡೂ ಆಸ್ಪತ್ರೆಗಳ ಎಲ್ಲ ಭಾಗವೂ ಅಡೆತಡೆ ಇಲ್ಲದಂತೆ ಇರಬೇಕು ಅಂತ ಇದೆ. ರ‍್ಯಾಂಪ್ ಕಟ್ಟಿ ಬೋರ್ಡ್ ಹಾಕಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದಾರೆ. ರ‍್ಯಾಂಪ್ ಹತ್ತಿ ಒಳಗೆ ಹೋದವನನ್ನು ತೂಗಲು ಆಗದಿದ್ದರೆ ಆ ರ‍್ಯಾಂಪ್ ಯಾತಕ್ಕೆ? ಜಗಳ ಬೇಡ, ಆದರೆ ಚೀಟಿಯಲ್ಲಿ ಅಂದಾಜು ತೂಕ ಬರೆದರೆ ಪಕ್ಕದಲ್ಲಿ 'ಅಂದಾಜು' ಅಂತ ಬರೆಯಲು ಹೇಳಿ. ಮುಂದಿನ ಡಾಕ್ಟರಿಗೆ ಅದು ಗೊತ್ತಾಗಬೇಕು.

---

ಸಾಗರದಕ್ಕ:

ಹನ್ನೆರಡು ದಿನ ಆಯಿತು, ಇವತ್ತು ಬರೆಯುತ್ತಿದ್ದೇನೆ.

ದೊಡ್ಡಪ್ಪನ ಮೆಷೀನನ್ನು ಪಿಕಪ್‌ನಲ್ಲಿ ತಂದೆವು. ಅಮ್ಮನನ್ನು ಒಪ್ಪಿಸಿದ್ದು ಪುತ್ತೂರಿನ ಅಣ್ಣನ ಮಾತು. "ತುಲಾಭಾರಕ್ಕೆ ನೀನೇ ಕೂರಿಸಿದ್ದೆ ತಾನೇ, ಆಗ ಆಗದ ದೃಷ್ಟಿ ಈಗ ಆಗುತ್ತದಾ?" ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಮೆಷೀನಿಗೆ ಅರಿಶಿನ ಕುಂಕುಮ ಹಚ್ಚಿದರು. ಸರಿ, ಅದರಿಂದ ತೂಕವೇನೂ ಜಾಸ್ತಿ ಆಗುವುದಿಲ್ಲ.

ಜಗುಲಿಯ ಗಟ್ಟಿ ನೆಲದ ಮೇಲೆ ಇಟ್ಟೆವು. ಅಡುಗೆಮನೆಯ ಮರದ ಸ್ಟೂಲಿನ ನಾಲ್ಕು ಕಾಲೂ ಪ್ಲೇಟಿನ ಮೇಲೆ ಸರಿಯಾಗಿ ಕೂತವು. ಅಪ್ಪ ಕೂತರು. ನಾನೂ ಭಾವನೂ ತಮ್ಮನನ್ನು ಎತ್ತಿ ಕೊಟ್ಟೆವು. ಅವನಿಗೆ ಬಿಗಿ ಬರಲಿಲ್ಲ, ಅಪ್ಪನ ಮಡಿಲಿನಲ್ಲಿ ಅವನು ಯಾವಾಗಲೂ ಸಡಿಲವಾಗಿರುತ್ತಾನೆ. 91.4. ಅಪ್ಪ ಮತ್ತು ಸ್ಟೂಲ್ 66.8. ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಮಾಡಿದೆವು. 91.5.

24.6. ಎರಡನೇ ಸಲ 24.7.

ಅಪ್ಪ ಸ್ಟೂಲಿನಿಂದ ಏಳಲೇ ಇಲ್ಲ ತುಂಬಾ ಹೊತ್ತು.

ಮಾತ್ರೆ ನಾವೇ ಕಡಿಮೆ ಮಾಡಲಿಲ್ಲ. ಫೋಟೋ ತೆಗೆದುಕೊಂಡು ಡಾಕ್ಟರ ಹತ್ತಿರ ಹೋದೆವು. ಅವರು ಹಳೆಯ ಚೀಟಿಗಳನ್ನೆಲ್ಲ ಮಗುಚಿ ನೋಡಿದರು, ಎಲ್ಲ ಕಡೆ 30. ಈ ಸಲ ನಗಲಿಲ್ಲ. ರಕ್ತದಲ್ಲಿ ಮಾತ್ರೆಯ ಮಟ್ಟ ನೋಡಲು ಟೆಸ್ಟ್ ಬರೆದರು, ಡೋಸ್ ಬದಲಿಸಿದರು. ನುಂಗುವ ಪರೀಕ್ಷೆಗೆ ಶಿವಮೊಗ್ಗಕ್ಕೆ ಬರೆದುಕೊಟ್ಟಿದ್ದಾರೆ, ಮುಂದಿನ ಮಂಗಳವಾರ. ಹೊಟ್ಟೆಗೆ ಟ್ಯೂಬ್ ಬೇಕಾಗಬಹುದು ಅಂತ ಒಂದು ಮಾತು ಹೇಳಿದ್ದಾರೆ. ಅಮ್ಮನಿಗೆ ಅದನ್ನು ಇನ್ನೂ ಹೇಳಿಲ್ಲ. ಟ್ಯೂಬ್ ಹಾಕಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಬಾಯಲ್ಲಿ ರುಚಿಗೆ ಸ್ವಲ್ಪ ಕೊಡಬಹುದಾ, ಇಲ್ಲ ಪೂರ್ತಿ ನಿಲ್ಲಿಸಬೇಕಾ? ಅವನಿಗೆ ಹಲಸಿನ ಹಣ್ಣಿನ ರಸ ಅಂದರೆ ಪ್ರಾಣ.

---

ಮೈಸೂರಿನ ಅಪ್ಪ:

ನಮ್ಮ ಗುಂಪಿನಲ್ಲಿ ಇಬ್ಬರು ಹಾಕಿಸಿದ್ದಾರೆ. ಇವತ್ತು ರಾತ್ರಿ ಅವರನ್ನು ಇಲ್ಲಿಗೆ ಕರೆದುಕೊಂಡು ಬರುತ್ತೇನೆ. ಬಾಯಿಗೆ ಏನು ಕೊಡಬಹುದು ಅನ್ನುವುದು ಮಂಗಳವಾರದ ಪರೀಕ್ಷೆಯ ಮೇಲೆ. ಹಲಸಿನ ಹಣ್ಣಿನ ವಿಷಯ ಅಲ್ಲೇ ಹೆಸರು ಹಿಡಿದು ಕೇಳಿ, ಸಂಕೋಚ ಪಡಬೇಡಿ.

ಮೆಷೀನ್ ವಾಪಸ್ ಕೊಡುವ ಮೊದಲು ದೊಡ್ಡಪ್ಪನ ಹತ್ತಿರ ಮುಂದಿನ ತಿಂಗಳ ತಾರೀಖು ಗೊತ್ತು ಮಾಡಿಕೊಳ್ಳಿ. ಅಡಿಕೆ ಕೊಯ್ಲು ಶುರುವಾದರೆ ಅವರಿಗೂ ಬೇಕಾಗುತ್ತದೆ.